ಮೈನಸ್ 18ರ ಕಾವಲು

ಮಲ್ಪೆ ಬಂದರಿನಲ್ಲಿ ಮಧ್ಯಾಹ್ನ ಮೂರೂವರೆಗೆ ನೋಡುವಂಥದ್ದೇನೂ ಇರುವುದಿಲ್ಲ ಎನ್ನುತ್ತಾರೆ. ಬೆಳಗಿನ ಏಲಂ ಮುಗಿದಿರುತ್ತದೆ. ಬುಟ್ಟಿ ಹೊತ್ತ ಹೆಂಗಸರು ಊರು ಸೇರಿಯಾಗಿರುತ್ತದೆ. ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಅಲೆಗೆ ತೂಗುತ್ತಿರುತ್ತವೆ. ಫೆಬ್ರವರಿಯ ಒಂದು ದಿನ ನಾನು ಆ ಹೊತ್ತಿಗೇ ಹೋದೆ. ಮೀನು ಕಡಲಿನಿಂದ ಬರುವುದನ್ನು ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದೇನೆ. ಅದು ಊರು ಬಿಟ್ಟು ಹೋಗುವುದನ್ನು ಒಮ್ಮೆಯಾದರೂ ಜೊತೆಗೆ ಕೂತು ನೋಡಬೇಕೆಂಬ ಆಸೆ ಬಹಳ ದಿನದ್ದು.

ಧಕ್ಕೆಯಿಂದ ಮೀನು ಹೊರಡುವುದು ಎರಡು ಬಗೆಯ ಗಾಡಿಗಳಲ್ಲಿ. ಒಂದು, ಐಸಿನ ಗಾಡಿ. ದಪ್ಪ ಗೋಡೆಯ ಪೆಟ್ಟಿಗೆ. ಒಳಗೆ ಮೀನು, ಐಸ್ ಪುಡಿ, ಮತ್ತೆ ಮೀನು ಹೀಗೆ ಪದರ ಪದರ. ಯಂತ್ರವಿಲ್ಲ. ರಾತ್ರಿ ಹೊರಟು ಬೆಳಗಾಗುವುದರೊಳಗೆ ಕೇರಳದ ಮಾರುಕಟ್ಟೆ ಮುಟ್ಟುವಷ್ಟು ಹೊತ್ತು ಐಸು ತಡೆಯುತ್ತದೆ. ಐಸು ಕರಗಿದ ನೀರು ಹೆದ್ದಾರಿಗೆ ಸುರಿದು ಬೈಕಿನವರು ಜಾರಿ ಬೀಳುವ ದೂರು ನಮ್ಮ ಕರಾವಳಿಯಲ್ಲಿ ಹಳೆಯದು. ಇನ್ನೊಂದು, ರೀಫರ್. ಚಾಲಕರ ಬಾಯಲ್ಲಿ ಫ್ರೀಜರ್ ಗಾಡಿ. ಬಿಳಿ ಪೆಟ್ಟಿಗೆಯ ಹಣೆಯ ಮೇಲೆ, ಚಾಲಕನ ಕ್ಯಾಬಿನ್ನಿನ ನೆತ್ತಿಗೆ ತಾಗುವಂತೆ, ಒಂದು ಯಂತ್ರ ಕೂತಿರುತ್ತದೆ. ಲಾರಿ ನಿಂತರೂ ಅದು ನಿಲ್ಲುವುದಿಲ್ಲ. ಅದಕ್ಕೆ ಅದರದೇ ಡೀಸೆಲ್ ಎಂಜಿನ್, ಅದರದೇ ಡೀಸೆಲ್ ಟ್ಯಾಂಕ್.

ನಾನು ಹತ್ತಬೇಕಿದ್ದ ಫ್ರೀಜರ್ ಗಾಡಿ ಬಂದರಿನಿಂದ ತುಸು ದೂರದ ಒಂದು ಫ್ರೀಜಿಂಗ್ ಪ್ಲಾಂಟಿನ ಹಿಂಬದಿಗೆ ನಿಂತಿತ್ತು. ಅದರ ಚಾಲಕರು ಹಾವೇರಿ ಜಿಲ್ಲೆಯವರು. ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಬರೆಯುವುದಿಲ್ಲ. ನಲವತ್ತು ದಾಟಿದ ವಯಸ್ಸು, ಮೊಣಕೈವರೆಗೆ ಮಡಚಿದ ಅಂಗಿ, ಕಿವಿಗೆ ಸುತ್ತಿದ ಟವೆಲ್ಲು. ಹೊರಗೆ ಬೆವರು ಹರಿಯುವ ಸೆಕೆ. ಇವರೇಕೆ ಕಿವಿ ಮುಚ್ಚಿಕೊಂಡಿದ್ದಾರೆ ಎಂದು ನೋಡುತ್ತಿದ್ದಂತೆ ಪೆಟ್ಟಿಗೆಯ ಹಿಂಬಾಗಿಲು ತೆರೆದುಕೊಂಡಿತು. ಬಿಳಿ ಹಬೆ ನೆಲಕ್ಕೆ ಸುರಿದು ನನ್ನ ಚಪ್ಪಲಿಯ ಮೇಲೆ ಹರಿದುಹೋಯಿತು. ಕಾಲ್ಬೆರಳು ಮರಗಟ್ಟಿದವು.

"ಸರ, ಮಂದಿ ಇದನ್ನ ದೊಡ್ಡ ಫ್ರಿಜ್ ಅಂತ ತಿಳಕೊಂಡಿರ್ತಾರ," ಎಂದರು ಅವರು. "ಫ್ರಿಜ್ ಅಲ್ರಿ ಇದು. ಬೆಚ್ಚಗಿನ ಮಾಲು ಒಳಗ ಹೇರಿದ್ರ ಇದರ ಕೈಲೆ ತಣ್ಣಗ ಮಾಡಾಕ ಆಗಂಗಿಲ್ಲ. ತಣ್ಣಗ ಇದ್ದದ್ದನ್ನ ಹಂಗ ಕಾಯ್ತೈತಿ, ಅಷ್ಟ."

ಆ ಸಂಜೆ ನಾನು ಕಲಿತ ಮೊದಲ ಪಾಠ ಅದು. ತಣಿಸುವ ಕೆಲಸ ಪ್ಲಾಂಟಿನದು. ಮೈನಸ್ 40ರ ಆಸುಪಾಸಿನ ಲೋಹದ ತಟ್ಟೆಗಳ ನಡುವೆ ಬೊಂಡಾಸ್, ಬಂಗುಡೆಗಳನ್ನು ಒತ್ತಿ ಹಿಡಿದು ಕೆಲವೇ ಗಂಟೆಗಳಲ್ಲಿ ಇಟ್ಟಿಗೆಯಂಥ ಗಟ್ಟಿ ಬ್ಲಾಕ್ ಮಾಡುತ್ತಾರೆ. ರಟ್ಟಿನ ಪೆಟ್ಟಿಗೆಗೆ ತುಂಬಿ ಕೋಲ್ಡ್ ಸ್ಟೋರಿನಲ್ಲಿ ಇಡುತ್ತಾರೆ. ಅಲ್ಲಿಂದ ಆಚೆ ಆ ಚಳಿಯನ್ನು ಒಂದಿಷ್ಟೂ ಚೆಲ್ಲದಂತೆ ದಾಟಿಸಿಕೊಡುವುದು ಗಾಡಿಯ ಕೆಲಸ. ಮಾಲು ಬರುವ ಮೊದಲೇ ಎರಡು ಗಂಟೆ ಯಂತ್ರ ಓಡಿಸಿ ಖಾಲಿ ಪೆಟ್ಟಿಗೆಯನ್ನು ತಣಿಸಿಟ್ಟಿರಬೇಕು. ಬಿಸಿಲಿಗೆ ಕಾದ ಗೋಡೆಯ ನಡುವೆ ಮಾಲು ಇಟ್ಟರೆ ಗೋಡೆಯ ಬಿಸಿಯೆಲ್ಲ ಮೀನಿಗೇ.

ಮೈನಸ್ 18 ಎಂಬ ಅಂಕಿ ಎಲ್ಲಿಂದ ಬಂತು ಎಂದು ಅವರೇ ನನ್ನನ್ನು ಕೇಳಿದರು. ಒಂಬತ್ತು ವರ್ಷದಿಂದ ಆ ಅಂಕಿಯನ್ನು ಕಾಯುತ್ತಿದ್ದಾರೆ, ಯಾರೂ ಹೇಳಿರಲಿಲ್ಲವಂತೆ. ಫ್ಯಾರನ್‌ಹೀಟ್ ಅಳತೆಯ ಸೊನ್ನೆ ಸೆಲ್ಸಿಯಸ್‌ನಲ್ಲಿ ಮೈನಸ್ 17.8 ಆಗುತ್ತದೆ, ಅದನ್ನೇ 18 ಎಂದು ಲೋಕವೆಲ್ಲ ಒಪ್ಪಿಕೊಂಡಿದೆ. ಮೈನಸ್ 10ರ ಕೆಳಗೆ ಸೂಕ್ಷ್ಮಾಣುಗಳ ಬೆಳವಣಿಗೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆದರೆ ಬಂಗುಡೆಯಂಥ ಎಣ್ಣೆ ಮೀನಿನ ಕೊಬ್ಬು ಆ ಚಳಿಯಲ್ಲೂ ನಿಧಾನಕ್ಕೆ ಕಮಟುತ್ತಲೇ ಇರುತ್ತದೆ. ಅದನ್ನು ತಡೆಯಲು ಇನ್ನೂ ಕೆಳಗೆ ಇಳಿಯಬೇಕು. ನಾನು ಇದನ್ನು ಹೇಳಿದಾಗ ಅವರು, "ಹೌದನ್ರಿ? ಮೀನ ತಿನ್ನಂಗಿಲ್ಲ ನಾ, ನಮಗೇನ ಗೊತ್ತಾಗಬೇಕ್ರಿ," ಎಂದರು. ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಊರಿಗೆ ಹೋದಾಗ ಅಂಗಿ ಬಟ್ಟೆಯನ್ನೆಲ್ಲ ಹಿತ್ತಲಲ್ಲೇ ಬಿಚ್ಚಿಟ್ಟು, ಮಿಂದು ಒಳಗೆ ಹೋಗುತ್ತಾರೆ.

ಲೋಡಿಂಗ್ ಶುರುವಾಯಿತು. ಗಂಬೂಟು ಹಾಕಿದ ಹುಡುಗರು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇವರು ಬಾಗಿಲ ಬಳಿ ನಿಂತು ಹತ್ತಿಪ್ಪತ್ತು ಪೆಟ್ಟಿಗೆಗೊಂದರಂತೆ ತೆಗೆಸಿ, ಮೊನಚಾದ ಥರ್ಮಾಮೀಟರನ್ನು ಎರಡು ಬ್ಲಾಕಿನ ನಡುವೆ ತೂರಿಸಿ, ಅಂಕಿ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಮೈನಸ್ 19.2. ಮೈನಸ್ 18.8. ಮೈನಸ್ 19.

"ನೀವು ಹೀಗೆ ಒಂದೊಂದೇ ನೋಡ್ತಾ ಕೂತ್ರೆ ಕತ್ತಲೆ ಆಗ್ತದೆ ಮಾರಾಯ್ರೆ," ಎಂದರು ಪ್ಲಾಂಟಿನ ಮೇಲ್ವಿಚಾರಕರು, ಬೇಸರವಿಲ್ಲದ ದನಿಯಲ್ಲಿ. ಚಾಲಕರು ಉತ್ತರ ಕೊಡಲಿಲ್ಲ. ಆಮೇಲೆ ನನಗೆ ಕಾರಣ ಹೇಳಿದರು. ಕೆಲವು ವರ್ಷದ ಹಿಂದೆ, ಮೇ ತಿಂಗಳ ಮಟಮಟ ಮಧ್ಯಾಹ್ನ, ದೂರದ ನಗರವೊಂದರ ಗೋದಾಮಿನಲ್ಲಿ ಇವರ ಗಾಡಿಯ ಬಾಗಿಲು ತೆರೆಸಿ, ಅರ್ಧ ಮಾಲು ಇಳಿಸಿ, ಇಳಿಸುವವರು ಊಟಕ್ಕೆ ಹೋದರಂತೆ. ಎರಡು ಗಂಟೆ ಬಾಗಿಲು ತೆರೆದೇ ಇತ್ತು. ಮೇಲಿನ ಸಾಲಿನ ಪೆಟ್ಟಿಗೆಗಳು ಮೆತ್ತಗಾದವು. ದಾರಿಯಲ್ಲಿ ಡೀಸೆಲ್ ಉಳಿಸಲು ಯಂತ್ರ ಬಂದ್ ಮಾಡಿದ್ದೀಯ ಎಂದು ಇವರ ಮೇಲೆ ಬರೆದರು. ಎರಡು ತಿಂಗಳ ಪಗಾರ ಬರಲಿಲ್ಲ. "ಅವತ್ತಿಂದ ಫೋಟೋ ಇಲ್ಲದ ಬಾಗಲ ಮುಚ್ಚಂಗಿಲ್ರಿ."

ಆ ಆರೋಪದ ಹಿಂದೊಂದು ಇತಿಹಾಸವಿದೆ, ಅದನ್ನೂ ಅವರು ಮುಚ್ಚಿಡಲಿಲ್ಲ. ಹೀಗೆ ಮಾಡುವವರು ಇದ್ದರು, ಈಗಲೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾನು. ಇಂಥ ಯಂತ್ರ ಗಂಟೆಗೆ ಎರಡು ಮೂರು ಲೀಟರ್ ಡೀಸೆಲ್ ಕುಡಿಯುತ್ತದೆ. ರಾತ್ರಿಯೆಲ್ಲ ಬಂದ್ ಮಾಡಿ, ಮುಟ್ಟುವ ಊರು ಐವತ್ತು ಕಿಲೋಮೀಟರ್ ಇರುವಾಗ ಮತ್ತೆ ಹಚ್ಚಿದರೆ ಡೀಸೆಲಿನ ಹಣ ಉಳಿಯುತ್ತದೆ. ಮೀನು ಕರಗಿ ಮತ್ತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯೇ, ಆದರೆ ಒಳಗೆ ದೊಡ್ಡ ದೊಡ್ಡ ಮಂಜಿನ ಹರಳು ಕಟ್ಟಿ ಮಾಂಸದ ಎಳೆ ಹರಿದಿರುತ್ತದೆ. ಬೇಯಿಸಿದಾಗ ನೀರು ಬಿಟ್ಟು ಹತ್ತಿಯಂತಾಗುತ್ತದೆ. ಇದನ್ನು ಹಿಡಿಯಲೆಂದೇ ಈಗ ಪೆಟ್ಟಿಗೆಯೊಳಗೆ ಡೇಟಾ ಲಾಗರ್ ಇಡುತ್ತಾರೆ. ಕೆಲವೇ ನಿಮಿಷಕ್ಕೊಮ್ಮೆ ಒಳಗಿನ ಉಷ್ಣತೆ ಬರೆದುಕೊಳ್ಳುತ್ತದೆ. ಚಾಲಕರಿಗೆ ಅದರ ಮೇಲೆ ಸಿಟ್ಟಿಲ್ಲ. ಸುಳ್ಳು ಹೇಳದ ಸಾಕ್ಷಿ ಅದೊಂದೇ ಎಂದು ಅವರ ಲೆಕ್ಕ.

ಪೆಟ್ಟಿಗೆಯ ಒಳಗೋಡೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ. ಅದನ್ನು ದಾಟಿ ಮಾಲು ಪೇರಿಸುವಂತಿಲ್ಲ. ಮುಂದಿನ ಯಂತ್ರದಿಂದ ಹೊರಟ ತಣ್ಣನೆಯ ಗಾಳಿ ಚಾವಣಿಗುಂಟ ಬಾಗಿಲವರೆಗೆ ಹೋಗಿ, ಕೆಳಗಿಳಿದು, ನೆಲದ ಉಬ್ಬುಗೆರೆಗಳ ನಡುವೆ ಹರಿದು ಮತ್ತೆ ಯಂತ್ರಕ್ಕೆ ಮರಳಬೇಕು. ದಾರಿ ಕಟ್ಟಿದರೆ ಒಂದು ಮೂಲೆ ಬೆಚ್ಚಗಾಗುತ್ತದೆ. ಲೋಡಿಂಗಿನವರಿಗೆ ಇನ್ನೂ ಎರಡು ಸಾಲು ಹೇರುವ ಆಸೆ, ಇವರದು ಕೈಯಡ್ಡ ಹಿಡಿಯುವ ಕೆಲಸ. ಒಳಗೆ ಹೋಗಿ ಬಂದಾಗಲೆಲ್ಲ ಬೀಗ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಬೀಗವನ್ನು ಬಾಗಿಲಿಗೆ ನೇತುಹಾಕಿ ಒಳಗೆ ಹೋಗಬಾರದು. ಯಾರೋ ಮರೆತು ಚಿಲಕ ಹಾಕಿದರೆ ಮೈನಸ್ 18ರಲ್ಲಿ ಅಂಗಿ ತೊಟ್ಟ ಮನುಷ್ಯ ಎಷ್ಟು ಹೊತ್ತು ತಡೆದಾನು? ಆರೂಮುಕ್ಕಾಲಿಗೆ ಬಾಗಿಲು ಮುಚ್ಚಿ ಸೀಲ್ ಒತ್ತಿದರು. ಸೀಲಿನ ನಂಬರನ್ನು ಚಾಲಕರು ಚೀಟಿಯಲ್ಲಿ ನೋಡಿ, ಬಾಗಿಲಲ್ಲಿ ನೋಡಿ, ಬಾಯಲ್ಲಿ ಒಮ್ಮೆ ಹೇಳಿಕೊಂಡರು.

ಮುಟ್ಟಬೇಕಾದದ್ದು ನವಿ ಮುಂಬಯಿಯ ನಾವಾ ಶೇವಾ ಬಂದರಿನ ಬಳಿಯ ಒಂದು ಕೋಲ್ಡ್ ಸ್ಟೋರ್. ಅಂಕೋಲೆಯವರೆಗೆ ಕಡಲ ಬದಿಯ ಹೆದ್ದಾರಿ 66, ಅಲ್ಲಿಂದ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ. ನಾನು ಹುಬ್ಬಳ್ಳಿಯಲ್ಲಿ ಇಳಿಯುವ ಮಾತಾಗಿತ್ತು.

ಕ್ಯಾಬಿನ್ನಿಗೆ ಹತ್ತಿ ಕೂತೊಡನೆ ಬೆನ್ನು ಬೆವರಿತು. ಎಂಜಿನ್ನಿನ ಕಾವು ಕಾಲಡಿಯಿಂದ ಏರುತ್ತದೆ. ಒಂದು ಸಣ್ಣ ಫ್ಯಾನು ಆ ಬಿಸಿಯನ್ನೇ ಮುಖಕ್ಕೆ ತಿರುಗಿಸುತ್ತದೆ. ತಲೆಯ ಹಿಂದೆ ಒಂದು ಗೋಡೆಯ ಆಚೆ ಮೈನಸ್ 18, ಈಚೆ ಇವರು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ವಾಹನಗಳಲ್ಲಿ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯ ನಿಯಮ, ತಡವಾಗಿ ಬಂದದ್ದು. ಹಳೆಯ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ, ಇವರದು ಹಳೆಯ ಗಾಡಿ.

ಸ್ಟಿಯರಿಂಗಿನ ಎಡಕ್ಕೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಎರಡು ಅಂಕಿ. ಮೇಲಿನದು ಇರಬೇಕಾದ ಚಳಿ, ಕೆಳಗಿನದು ಇರುವ ಚಳಿ. ಮೇಲೆ ಮೈನಸ್ 20 ಎಂದು ಇಟ್ಟಿದ್ದರು. ಕೆಳಗಿನದು ಬ್ರಹ್ಮಾವರ ದಾಟುವಾಗ ಮೈನಸ್ 16, ಸಾಸ್ತಾನದ ಟೋಲಿನಲ್ಲಿ ಮೈನಸ್ 17.5, ಕುಂದಾಪುರ ಬರುವಾಗ ಮೈನಸ್ 19. ಅಷ್ಟು ಹೊತ್ತೂ ಅವರು ಮಾತಿಗೆ ಅರ್ಧ ಮನಸ್ಸನ್ನಷ್ಟೇ ಕೊಟ್ಟಿದ್ದರು. ಮೈನಸ್ 20 ಕಂಡಾಗ ಸೀಟಿಗೆ ಬೆನ್ನು ಕೊಟ್ಟು, "ಈಗ ಕೇಳ್ರಿ ಸರ ಏನ ಕೇಳ್ತೀರಿ," ಎಂದರು.

ಮರವಂತೆಯಲ್ಲಿ ಕಿಟಕಿ ಪೂರ್ತಿ ಇಳಿಸಿದೆವು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಕತ್ತಲಲ್ಲಿ ಎರಡೂ ಕಾಣುವುದಿಲ್ಲ, ಗಾಳಿ ಮಾತ್ರ ಉಪ್ಪುಪ್ಪಾಗಿ ಒಳಗೆ ನುಗ್ಗುತ್ತದೆ. ವರ್ಷದ ಎಲ್ಲ ದಿನವೂ ಮೀನಿಲ್ಲ ಎಂದು ಅವರು ಹೇಳತೊಡಗಿದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯುವ ಹಾಗಿಲ್ಲ. ಆಗ ಗುಜರಾತಿನ ಮೆಹ್ಸಾಣಾ ಕಡೆಯಿಂದ ಬೆಂಗಳೂರಿಗೆ ಫ್ರೋಜನ್ ಆಲೂಗಡ್ಡೆ, ಐಸ್‌ಕ್ರೀಂ, ಔಷಧಿ. ಒಂದೊಂದು ಮಾಲಿಗೆ ಒಂದೊಂದು ಜಾತಕ. ಲಸಿಕೆಗೆ 2ರಿಂದ 8. ಬೆಚ್ಚಗಾದರೂ ಕೆಟ್ಟಿತು, ಮಂಜುಗಟ್ಟಿದರೂ ಕೆಟ್ಟಿತು. ಬಾಳೆಗೆ 13, ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಕಪ್ಪು. ಫೆಬ್ರವರಿ ಮೊದಲ ವಾರ ಗುಲಾಬಿ ಹೇರುವವರ ಫೋನ್ ಬರುತ್ತದೆ. ಮೀನಿನ ಪೆಟ್ಟಿಗೆಗೆ ಹೂವು ಹೇರುವ ಹಾಗಿಲ್ಲ, ಬಿಸಿನೀರು, ಬ್ಲೀಚಿಂಗ್ ಪೌಡರು ಹಾಕಿ ತಿಕ್ಕಿ ಬಾಗಿಲು ತೆರೆದಿಟ್ಟು ಎರಡು ದಿನ ಕಾದರೂ ಹೂವಿನವರು ಒಳಗೆ ಮೂಗಿಟ್ಟು ನೋಡಿ ತಲೆಯಾಡಿಸುತ್ತಾರೆ.

ಬೈಂದೂರು ದಾಟಿ ಶಿರೂರು ಟೋಲ್. ಈ ದಾರಿಯಲ್ಲಿ ಎರಡು ಶಿರೂರುಗಳಿವೆ. ಒಂದು ಉಡುಪಿ ಜಿಲ್ಲೆಯ ಈ ಗಡಿಯಲ್ಲಿ. ಇನ್ನೊಂದು ಅಂಕೋಲೆಯ ಹತ್ತಿರ. ಅದರ ಹೆಸರು ಲಾರಿ ಚಾಲಕರ ಮನೆಗಳಲ್ಲಿ ಈಗ ತಗ್ಗಿದ ದನಿಯಲ್ಲಿ ಬರುತ್ತದೆ.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಒಂದು ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿದರು. ಊಟಕ್ಕೆ ಹೋಟೆಲಿಗೆ ಹೋಗಲಿಲ್ಲ. ಸೀಟಿನ ಹಿಂದಿನ ಡಬ್ಬಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿಯಲ್ಲಿ ಕೆಂಪು ಖಾರ. ಬಂಕಿನ ಅಂಗಡಿಯಿಂದ ಮೊಸರು. ಹೆಂಡತಿ ಸುಟ್ಟು ಕಟ್ಟಿಕೊಟ್ಟ ರೊಟ್ಟಿಗೆ ಹದಿನೈದು ದಿನ ಏನೂ ಆಗುವುದಿಲ್ಲ. ಸಜ್ಜಿಯದಿರಲಿ ಜೋಳದ್ದಿರಲಿ, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ದೂರದ ಹಾದಿಗೆಂದೇ ಕಂಡುಹಿಡಿದ ಊಟ ಇದು ಎಂದು ನನಗನ್ನಿಸಿತು. ನನಗೂ ಎರಡು ಕೊಟ್ಟರು. ಮುರಿದಾಗ ಬಂದ ಸದ್ದಿನ ನಡುವೆ, ತಲೆಯ ಮೇಲಿನ ಯಂತ್ರ ತಟ್ಟನೆ ನಿಂತಿತು.

ಅವರು ತಿನ್ನುವುದನ್ನು ನಿಲ್ಲಿಸಲಿಲ್ಲ. ನಾನೇ ಗಾಬರಿಯಾದೆ.

"ಇದು ಛಲೋ ಸುಮ್ಮನಿರೂದ್ರಿ," ಎಂದರು. ಒಳಗೆ ಬೇಕಾದಷ್ಟು ಚಳಿಯಾದ ಮೇಲೆ ಯಂತ್ರ ತಾನೇ ನಿಲ್ಲುತ್ತದೆ. ಒಳಗಿನ ಉಷ್ಣತೆ ತುಸು ಏರಿದಾಗ ತಾನೇ ಹತ್ತಿಕೊಳ್ಳುತ್ತದೆ. ಗಟ್ಟಿ ಮಾಲಿಗೆ ಹೀಗೆ ಬಿಡುವು ಕೊಟ್ಟು ಓಡಿಸಬಹುದು, ಡೀಸೆಲು ಉಳಿಯುತ್ತದೆ. ಹಣ್ಣು, ಹೂವು, ಔಷಧಿಗಾದರೆ ಬಿಡುವಿಲ್ಲ. "ಎರಡ ಥರಾ ಸುಮ್ಮನಾಗತೈತ್ರಿ ಇದು. ದಣದು ಸುಮ್ಮನಾಗೂದೊಂದು, ಸತ್ತು ಸುಮ್ಮನಾಗೂದೊಂದು. ಕಿವಿಗೆ ಎರಡೂ ಒಂದ ಕೇಳಸ್ತಾವ."

ಆ ವ್ಯತ್ಯಾಸ ತಿಳಿಯುವುದು ಹೊತ್ತಿನಿಂದ ಮಾತ್ರ. ಈ ಗಾಡಿಯ ಮಟ್ಟಿಗೆ, ಈ ಹವೆಯಲ್ಲಿ, ಹತ್ತು ಹನ್ನೆರಡು ನಿಮಿಷ. ಅಷ್ಟರೊಳಗೆ ಹತ್ತಿಕೊಳ್ಳದಿದ್ದರೆ ಕೆಳಗಿಳಿಯಬೇಕು. ಮಲಗಿದ್ದರೂ ಈ ಲೆಕ್ಕ ನಡೆಯುತ್ತಿರುತ್ತದೆ. ಊರಿಗೆ ಹೋದ ಮೊದಲ ಎರಡು ರಾತ್ರಿ ಇವರಿಗೆ ನಿದ್ದೆ ಬರುವುದಿಲ್ಲವಂತೆ. ತಲೆಯ ಮೇಲೆ ಸದ್ದಿಲ್ಲ, ಹತ್ತು ನಿಮಿಷವಾಯಿತು, ಹದಿನೈದಾಯಿತು, ಎದ್ದು ಕೂರುತ್ತಾರೆ. ಹೆಂಡತಿ ದೀಪ ಹಾಕಿ, ಇದು ಮನಿ, ಮಲಗ್ರಿ ಎನ್ನುತ್ತಾರೆ.

ಇಂಥದ್ದೊಂದು ಯಂತ್ರವನ್ನು ಲಾರಿಯ ಹಣೆಗೆ ಮೊದಲು ಕೂರಿಸಿದವನು ಫ್ರೆಡರಿಕ್ ಜೋನ್ಸ್, ಅಮೆರಿಕದ ಮಿನಿಯಾಪೊಲಿಸ್‌ನ ಒಬ್ಬ ಕಪ್ಪು ಮೆಕ್ಯಾನಿಕ್. ಕಾಲೇಜಿನ ಮುಖ ಕಂಡವನಲ್ಲ, ಕೈಯಿಂದ ಕಲಿತವನು. ಲಾರಿಯ ಅದುರಾಟಕ್ಕೆ ಯಂತ್ರ ಸಡಿಲವಾಗಿ ನಿಲ್ಲುತ್ತಿದ್ದುದೇ ಅಲ್ಲಿಯವರೆಗಿನ ತೊಡಕು. 1930ರ ದಶಕದ ಕೊನೆಯಲ್ಲಿ ಅವನು ಅದುರಾಟ ತಡೆಯುವ ಯಂತ್ರ ಕಟ್ಟಿದ. ಅದರಿಂದ ಹುಟ್ಟಿದ ಕಂಪನಿಯೇ ಥರ್ಮೋ ಕಿಂಗ್. ಅವನು 1961ರಲ್ಲಿ ತೀರಿಕೊಂಡ ಮೇಲೆ, 1991ರಲ್ಲಿ ಅವನ ದೇಶ ಅವನಿಗೆ ತಂತ್ರಜ್ಞಾನದ ರಾಷ್ಟ್ರೀಯ ಪದಕ ಕೊಟ್ಟಿತು. ಹೊನ್ನಾವರದ ಬಂಕಿನಲ್ಲಿ ರೊಟ್ಟಿ ತಿನ್ನುತ್ತಾ ನಾನು ಈ ಕತೆ ಹೇಳಿದೆ. ಅವರು ಕೈ ತೊಳೆದು ಬಂದು, "ಅವನೂ ಗಾಡಿ ಹೊಡದಿದ್ನೇನ್ರಿ?" ಎಂದು ಕೇಳಿದರು. ಅಷ್ಟರಲ್ಲಿ ಯಂತ್ರ ಕೆಮ್ಮಿ ಹತ್ತಿಕೊಂಡಿತು.

ಕುಮಟಾ ಕಳೆದು ಅಂಕೋಲೆ ಇನ್ನೂ ಬರಬೇಕು ಎನ್ನುವಾಗ ಅವರ ಮಾತು ನಿಂತಿತು. ಆ ಇನ್ನೊಂದು ಶಿರೂರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. 2024ರ ಜುಲೈ 16ರ ಬೆಳಿಗ್ಗೆ ಈ ಗುಡ್ಡ ಜರಿಯಿತು. ಹೆದ್ದಾರಿಯ ಅಂಚಿನಲ್ಲಿ ಒಂದು ಚಹದಂಗಡಿ ಇತ್ತು, ಲಾರಿಯವರು ನಿಲ್ಲಿಸಿ ಚಹ ಕುಡಿಯುವ ಜಾಗ. ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಗಾಡಿಗಳು, ಗಾಡಿಯವರು ಎಲ್ಲ ಮಣ್ಣಿನೊಂದಿಗೆ ಹೊಳೆಗೆ ಹೋದರು. ಕೇರಳದ ಒಬ್ಬ ಚಾಲಕನ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ. ಕ್ಯಾಬಿನ್ನಿನೊಳಗೇ ಅವನಿದ್ದ. ಆ ಅಂಗಡಿಯಲ್ಲಿ ಇವರು ಎಷ್ಟೋ ಸಲ ಚಹ ಕುಡಿದಿದ್ದಾರೆ. "ಆ ಅಕ್ಕ ಸಕ್ಕರಿ ಕಮ್ಮಿ ಅಂದ್ರ ನೆನಪಿಟ್ಟು ಕಮ್ಮೀನ ಹಾಕ್ತಿದ್ಲು" ಎಂದಷ್ಟೇ ಹೇಳಿ ಹಾರ್ನ್ ಮುಟ್ಟದೆ, ವೇಗ ತಗ್ಗಿಸಿ ಆ ಜಾಗ ದಾಟಿಸಿದರು. ನಿಲ್ಲಲು ಸುರಕ್ಷಿತವಾದ ಜಾಗ ಎಲ್ಲಿದೆ ಎಂದು ಚಾಲಕನಿಗೆ ಹೇಳುವವರು ಯಾರು? ದಾರಿಗಳಿಗೆ ನಾವು ಕೋಟಿಗಟ್ಟಲೆ ಸುರಿಯುತ್ತೇವೆ. ದಾರಿಯಲ್ಲಿ ಬದುಕುವವರಿಗೆ ಮಲಗಲು, ಮೀಯಲು, ಹೇತುಬರಲು ಒಂದು ಒಳ್ಳೆಯ ಜಾಗ ಮಾಡಿಕೊಡುವುದು ನಮಗೆ ಇನ್ನೂ ದೊಡ್ಡ ಕೆಲಸವಾಗಿ ಕಂಡಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಅಂಕೋಲೆಯಲ್ಲಿ ಬಲಕ್ಕೆ ಹೊರಳಿ ಹೆದ್ದಾರಿ 52 ಹಿಡಿದೆವು. ಪಂಜಾಬಿನ ಸಂಗ್ರೂರಿನಿಂದ ಬರುವ ರಸ್ತೆ ಮುಗಿಯುವುದು ಇಲ್ಲೇ. ಮುಂದೆ ಅರಬೈಲ್ ಘಟ್ಟ. ಹತ್ತುವಾಗ ಎರಡನೇ ಗೇರು, ಕೆಲವೆಡೆ ಒಂದನೆಯದು. ಕ್ಲಚ್ಚಿನ ಸುಟ್ಟ ವಾಸನೆ. ಎದುರಿನಿಂದ ಇಳಿಯುವ ಲಾರಿಗಳು ಹೇಗೆ ಬರುತ್ತಿವೆ ಎಂಬುದರ ಮೇಲೆಯೇ ಅವರ ಕಣ್ಣು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಘಟ್ಟದ ಹಳೆಯ ಕಟ್ಟಳೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ, ಬ್ರೇಕು ಕಾದು ಹಿಡಿಯದಾಗುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಇದೇ ಹೆದ್ದಾರಿಯ ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಕಂದಕಕ್ಕೆ ಉರುಳಿ, ಮಾಲಿನ ಮೇಲೆ ಕೂತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಸತ್ತರು. ಸವಣೂರು ಇವರದೇ ಜಿಲ್ಲೆ.

ಮರದ ಕೊಂಬೆಗಳ ಭಯ ಬೇರೆ. ಬೇರೆ ಲಾರಿಗೆ ಕೊಂಬೆ ಬಡಿದರೆ ಟಾರ್ಪಾಲು ಹರಿಯುತ್ತದೆ, ಇಲ್ಲಿ ಹಣೆಯ ಮೇಲಿನ ಯಂತ್ರವೇ ಒಡೆಯುತ್ತದೆ. ಆದ್ದರಿಂದ ಅವರು ಕತ್ತಲಲ್ಲಿ ರಸ್ತೆಯನ್ನೂ ನೋಡಬೇಕು, ರಸ್ತೆಯ ಮೇಲಿನ ಆಕಾಶವನ್ನೂ ನೋಡಬೇಕು.

ಯಲ್ಲಾಪುರದ ಕಾಡಿನ ನಡುವೆ, ಒಂದೂವರೆಯ ಹೊತ್ತಿಗೆ, ಡಬ್ಬಿ ಚೀರಿತು. ಕೆಂಪು ದೀಪ, ಪಕ್ಕದಲ್ಲೊಂದು ನಂಬರು. ಯಂತ್ರ ನಿಂತಿತ್ತು. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಅವರು ಅಗಲವಾದ ಜಾಗ ಸಿಗುವವರೆಗೆ ಒಂದು ಕಿಲೋಮೀಟರು ಹೋಗಿ ನಿಲ್ಲಿಸಿ, ಹಿಂದೆ ಮುಂದೆ ಹಸಿ ಕೊಂಬೆ ಮುರಿದು ಹಾಕಿ, ಸೀಟಿನಡಿಯಿಂದ ಒಂದು ಶಾಲೆಯ ನೋಟ್‌ಬುಕ್ಕು ತೆಗೆದರು. ಅಲಾರಂ ನಂಬರುಗಳೂ ಅವುಗಳ ಅರ್ಥವೂ ಅದರಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿದ್ದವು. ಬರೆದುಕೊಟ್ಟವಳು ಎಂಟನೇ ತರಗತಿಯ ಮಗಳು. ಇಂಗ್ಲಿಷಿನ ಪಟ್ಟಿಯನ್ನು ಶಾಲೆಯ ಸರ್ ಹತ್ತಿರ ಕೇಳಿ ಕನ್ನಡಕ್ಕೆ ಮಾಡಿಸಿದ್ದಳಂತೆ.

ನಾನು ತಿಳಿಯದೆ, ಒಳಗೆ ಮೀನು ಹೇಗಿದೆ ನೋಡಬೇಕಲ್ಲವೇ ಎಂದೆ. "ಬಾಗಲ ಮುಟ್ಟಬ್ಯಾಡ್ರಿ!" ಎಂದು ಮೊದಲ ಬಾರಿ ದನಿ ಏರಿಸಿದರು. ಸೀಲ್ ಒಡೆಯುವಂತಿಲ್ಲ ಎಂಬುದೊಂದು. ಅದಕ್ಕಿಂತ ದೊಡ್ಡದು, ತುಂಬಿದ ಪೆಟ್ಟಿಗೆ ಮುಚ್ಚಿಯೇ ಇದ್ದರೆ ಗಟ್ಟಿ ಮೀನಿನ ರಾಶಿ ತನ್ನ ಚಳಿಯನ್ನು ತಾನೇ ಗಂಟೆಗಟ್ಟಲೆ ಹಿಡಿದುಕೊಳ್ಳುತ್ತದೆ. ಬಾಗಿಲು ತೆರೆದ ಒಂದು ಕ್ಷಣಕ್ಕೆ ತಣ್ಣನೆಯ ಗಾಳಿ ಭಾರಕ್ಕೆ ತಾನೇ ಕೆಳಗೆ ಸುರಿದುಹೋಗಿ ಹೊರಗಿನ ಹಸಿಗಾಳಿ ಒಳನುಗ್ಗುತ್ತದೆ. ಆತಂಕವಾದಾಗ ಬಾಗಿಲು ತೆರೆದು ನೋಡಬೇಕೆನಿಸುವುದೇ ಹೊಸಬರ ಮೊದಲ ತಪ್ಪು.

ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿತ್ತು. ನಾನು ಟಾರ್ಚ್ ಹಿಡಿದೆ. ಅವರು ಏಣಿ ಹತ್ತಿ ಹಳೆಯದನ್ನು ಬಿಚ್ಚಿ, ಜೊತೆಗೆ ತಂದಿದ್ದ ಹೊಸದನ್ನು ಹಾಕಿ, ಸಣ್ಣ ಕೈಪಂಪನ್ನು ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ಹೊರಗೆ ತಳ್ಳತೊಡಗಿದರು. ಡೀಸೆಲು ಮೊಣಕೈಗುಂಟ ಇಳಿದು ಬನಿಯನ್ನಿಗೆ ಮುಟ್ಟಿತು. ಕಾಡಿನಲ್ಲಿ ಏನೋ ಕೂಗುತ್ತಿತ್ತು. ಆಗಾಗ ಹಾದುಹೋಗುವ ಬಸ್ಸಿನ ಗಾಳಿಗೆ ಗಾಡಿ ಅಲುಗುತ್ತಿತ್ತು. ಡಬ್ಬಿಯ ಅಂಕಿಯನ್ನು ನಾನು ಕೂಗಿ ಹೇಳಬೇಕಿತ್ತು. ಮೈನಸ್ 19. ಮೈನಸ್ 18.5. ಮೈನಸ್ 18. ಮೂವತ್ತೈದು ನಿಮಿಷದ ಮೇಲೆ ಯಂತ್ರ ಒಮ್ಮೆ ಗುರುಗುಟ್ಟಿ ನಿಂತಿತು, ಮತ್ತೊಮ್ಮೆ ಗುರುಗುಟ್ಟಿ ಓಡಿತು. ಅವರು ಏಣಿಯ ಮೇಲೆಯೇ ಹಣೆಯನ್ನು ಪೆಟ್ಟಿಗೆಗೆ ಒತ್ತಿಕೊಂಡು ತುಸು ಹೊತ್ತು ನಿಂತರು. ನಾನು ಟಾರ್ಚ್ ಆರಿಸಿದೆ.

ಹಿಂದೆ ಇಂಥ ಹೊತ್ತಿಗೆ ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದ. ಇವರೇ ಮೂರು ವರ್ಷ ಕ್ಲೀನರ್ ಆಗಿದ್ದು ಗಾಡಿ ಕಲಿತವರು. ಈಗ ಮಾಲೀಕರು ಆ ಪಗಾರ ಉಳಿಸಿದ್ದಾರೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961ರದು, 2025ರವರೆಗೆ ಜಾರಿಯಲ್ಲಿತ್ತು. ಚಾಲಕನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ದೂರದ ಹಾದಿಯಾದರೆ ದಿನಕ್ಕೆ 10, ವಾರಕ್ಕೆ 54ರವರೆಗೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎನ್ನುತ್ತಿತ್ತು ಅದು. ಅರವತ್ತು ವರ್ಷ ದಾಟಿದ ಈ ಮಾತನ್ನು ನಾನು ಹೇಳುವವರೆಗೆ ಅವರು ನಿಜಕ್ಕೂ ಕೇಳಿರಲಿಲ್ಲ. ಮೀನಿನ ಉಷ್ಣತೆಯನ್ನು ನಿಮಿಷದ ಲೆಕ್ಕದಲ್ಲಿ ಬರೆದಿಡುವ ಯಂತ್ರ ಗಾಡಿಯಲ್ಲಿದೆ. ಈ ಮನುಷ್ಯ ಎಷ್ಟು ಹೊತ್ತಿನಿಂದ ಎಚ್ಚರವಿದ್ದಾನೆ ಎಂದು ಬರೆದುಕೊಳ್ಳುವ ಯಾವುದೂ ಇಲ್ಲ. ಮುಟ್ಟಿದ ಮೇಲೂ ಮುಗಿಯುವುದಿಲ್ಲ. ಗೋದಾಮಿನ ಗೇಟಿನಲ್ಲಿ ಸರತಿ, ಕೆಲವೊಮ್ಮೆ ಹತ್ತು ಗಂಟೆ, ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ. ಅಷ್ಟು ಹೊತ್ತೂ ಯಂತ್ರ ಓಡುತ್ತಿರಬೇಕು, ಸೀಲಿನ ಮೇಲೆ ಕಣ್ಣಿರಬೇಕು, ಸರತಿ ಮುಂದೆ ಸರಿದಾಗ ಗಾಡಿ ಸರಿಸಬೇಕು. ಹಾಗೆ ಕಾಯುವುದು ಅವರ ಪ್ರಕಾರ ಗಾಡಿ ಹೊಡೆಯುವುದಕ್ಕಿಂತ ಹೆಚ್ಚು ದಣಿಸುತ್ತದೆ.

ಕಲಘಟಗಿಯಲ್ಲಿ ಬಯಲು ಸೀಮೆಯ ಗಾಳಿ ಸಿಕ್ಕಿತು. ಹುಬ್ಬಳ್ಳಿಯ ಹೊರವಲಯ ಮುಟ್ಟುವಾಗ ಇನ್ನೂ ಬೆಳಕಾಗಿರಲಿಲ್ಲ. ಮುಂದಿನದು ಹುಬ್ಬಳ್ಳಿ–ಧಾರವಾಡ ಬೈಪಾಸ್. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವ್ಯಾನು ಟಿಪ್ಪರಿಗೆ ಬಡಿದದ್ದು ಈ ದಾರಿಯಲ್ಲೇ. ರಾತ್ರಿಯಿಡೀ ಎಚ್ಚರವಿದ್ದ ಕಣ್ಣಿನಲ್ಲಿ ಈ ಬೈಪಾಸ್ ಹತ್ತುವುದಿಲ್ಲ ಎಂಬುದು ಅವರ ಸ್ವಂತ ನಿಯಮ, ಮಾಲೀಕರು ಬೈದರೂ ಸರಿ. ಗಬ್ಬೂರಿಗಿಂತ ಮೊದಲೇ ಒಂದು ಬಂಕಿನಲ್ಲಿ ಗಾಡಿ ಒಳಗೆ ತಂದು, ಗಾಳಿಗೆ ಮುಖಮಾಡಿ ನಿಲ್ಲಿಸಿದರು.

"ಎರಡ ತಾಸ ಮಲಗ್ತೇನ್ರಿ. ನಿಮಗ ಬಸ್ಸು ಆರಕ್ಕ ಶುರು. ಇಳಿಯೂಮುಂದ ಬಾಗಲ ಜೋರ ಹಾಕಬ್ಯಾಡ್ರಿ ಸರ."

ಸೀಟಿನ ಹಿಂದಿನ ಹಲಗೆಯ ಮೇಲೆ ಒರಗಿದವರೇ ಟವೆಲ್ಲು ಕಣ್ಣಿಗೆ ಹಾಕಿಕೊಂಡರು. ಉಸಿರು ಬೇಗನೆ ದೊಡ್ಡದಾಯಿತು. ಬನಿಯನ್ನಿನ ಮೇಲೆ ಡೀಸೆಲಿನ ಕಲೆ ಒಣಗಿತ್ತು. ನಾನು ಬಸ್ಸಿನ ಹೊತ್ತಿಗೆ ಕಾಯುತ್ತಾ ಮುಂದಿನ ಸೀಟಿನಲ್ಲಿ ಕೂತಿದ್ದೆ. ಡಬ್ಬಿಯಲ್ಲಿ ಮೈನಸ್ 20 ಬಂತು, ಯಂತ್ರ ನಿಂತಿತು.

ಕೈಗಡಿಯಾರ ನೋಡಿಕೊಂಡೆ. ಐದು ನಿಮಿಷ. ಏಳು. ಬಂಕಿನ ಹುಡುಗ ಬಕೆಟ್ ನೀರು ಚೆಲ್ಲಿ ನೆಲ ಗುಡಿಸುತ್ತಿದ್ದ. ಹತ್ತು. ಅವರ ಉಸಿರು ಹಾಗೇ ಇತ್ತು, ಆದರೆ ಹಲಗೆಯಿಂದ ಕೆಳಗೆ ಜೋತುಬಿದ್ದಿದ್ದ ಬಲಗೈಯ ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಮುಷ್ಟಿಯಾದವು. ಹನ್ನೊಂದು. ತಲೆಯ ಮೇಲೆ ಯಂತ್ರ ಕೆಮ್ಮಿ ಹತ್ತಿಕೊಂಡಿತು, ಮುಷ್ಟಿ ಬಿಚ್ಚಿತು.

ನಾನು ಚೀಲ ಎತ್ತಿಕೊಂಡು ಇಳಿದು, ಬಾಗಿಲನ್ನು ಎರಡೂ ಕೈಯಿಂದ ಒತ್ತಿ ಸದ್ದಾಗದಂತೆ ಮುಚ್ಚಿದೆ.